ಯಾದಿ ಖಾಲಿಯಾದ ಸಂಕ್ರಾಂತಿ

ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಕಾಂದಿವಲಿ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರ, ನಾಲ್ಕು ಮಾಳಿಗೆ, ನಡುವೆ ಸವೆದ ಮೆಟ್ಟಿಲು. ಮದುವೆಯಾಗಿ ವಿಜಾಪುರದ ಕಡೆಯಿಂದ ಇಲ್ಲಿಗೆ ಬಂದ ಮೇಲೆ ಈ ಮೆಟ್ಟಿಲಿನ ಮೇಲೇ ನನ್ನ ನೆನಪು ನಡೆಯುತ್ತದೆ. ಯಾರ ಸೊಸೆ ಬಸುರಿ, ಯಾರು ಬೀಗ ಹಾಕಿ ಊರಿಗೆ ಹೋಗಿದ್ದಾರೆ ಎಂದು ಯಾರಾದರೂ ಕೇಳಿದರೆ ಮನಸ್ಸಿನಲ್ಲೇ ಕೆಳಗಿನಿಂದ ಮೆಟ್ಟಿಲು ಹತ್ತುತ್ತೇನೆ, ಒಂದೊಂದು ಬಾಗಿಲು ನೋಡುತ್ತೇನೆ, ಹೇಳುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯಲು ಬರುತ್ತದೆ, ಆದರೆ ಬರೆದಿಟ್ಟುಕೊಳ್ಳುವ ರೂಢಿ ಬರಲಿಲ್ಲ.

ಸಂಕ್ರಾಂತಿಗೂ ರಥಸಪ್ತಮಿಗೂ ನಡುವೆ ಒಂದು ದಿನ ಹಿಡಿದು ನಾನು ಹೆಂಗಸರನ್ನು ಅರಿಶಿನ-ಕುಂಕುಮಕ್ಕೆ ಕರೆಯುತ್ತೇನೆ. ಮುಂಬಯಿಯಲ್ಲಿ ಇದು ದೊಡ್ಡ ಸಡಗರ. ಬಂದವರ ಹಣೆಗೆ ಕುಂಕುಮ ಹಚ್ಚಬೇಕು, ಎಳ್ಳು-ಬೆಲ್ಲ ಕೊಡಬೇಕು, ವಾಣ ಎಂದು ಏನಾದರೂ ಒಂದು ಸಾಮಾನು ಕೈಗಿಡಬೇಕು. ಸ್ಟೀಲಿನ ಬಟ್ಟಲೋ, ಚಹಾ ಸೋಸುವ ಜರಡಿಯೋ. ಕರೆಯುವುದು ಮಾತ್ರ ಮನೆಗೆ ಹೋಗಿ ಬಾಯಿಂದಲೇ ಆಗಬೇಕು. ದೂರ ಇದ್ದವರಿಗೆ ಈಗೀಗ ಫೋನು. ಕರೆಯದೆ ಯಾರೂ ಬರುವುದಿಲ್ಲ. ಕರೆಯದಿದ್ದರೆ ಯಾರೂ ಮರೆಯುವುದೂ ಇಲ್ಲ.

ಗಂಡ ಸತ್ತವಳನ್ನು ಕರೆಯುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ಅಷ್ಟೆ.

ಎರಡನೇ ಮಾಳಿಗೆಯಲ್ಲಿ ನನ್ನ ಬಾಗಿಲಿಗೆ ಎದುರು ಬಾಗಿಲು ನನ್ನ ಗೆಳತಿಯದಾಗಿತ್ತು. ನನಗಿಂತ ಸ್ವಲ್ಪ ಚಿಕ್ಕವಳು, ನಮ್ಮ ಕಡೆಯವಳೇ. ಇಬ್ಬರ ಗಂಡಂದಿರೂ ಒಂದೇ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬೇರೆ ಬೇರೆ ಕಾರ್ಖಾನೆಗೆ ಹೋಗುತ್ತಿದ್ದರು, ಒಂದೇ ಹೊತ್ತಿಗೆ ಡಬ್ಬಿ ಹಿಡಿದು ಇಳಿಯುತ್ತಿದ್ದರು. ಅವರು ಇಳಿದ ಮೇಲೆ ಎರಡೂ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿದ್ದವು. ಅವಳು ರೊಟ್ಟಿ ಬಡಿಯುವ ಸದ್ದು ನಿಂತರೆ ಒಲೆ ಆರಿತೋ, ಜೋಳದ ಹಿಟ್ಟು ಮುಗಿಯಿತೋ ಎಂದು ನನಗೆ ಇಲ್ಲಿಂದಲೇ ತಿಳಿಯುತ್ತಿತ್ತು. ಅವಳು ನನ್ನನ್ನು ಯಕ್ಕಾ ಎನ್ನುತ್ತಿದ್ದಳು, ಆದರೆ ಮಾತು ಬಿರುಸು. ನನ್ನ ಹೋಳಿಗೆ ಹರಿದರೆ ಬಾಯಿ ಮುಚ್ಚಿಕೊಂಡು ಇರುವವಳಲ್ಲ.

ಒಮ್ಮೆ ಮೂರನೇ ಮಾಳಿಗೆಯ ಒಂದು ಮನೆಗೆ ಇಬ್ಬರೂ ಕುಂಕುಮಕ್ಕೆ ಹೋಗಿದ್ದೆವು. ಆ ಮನೆಯ ಅತ್ತೆ ಒಳಗೆ ಒಬ್ಬಳೇ ಬೆವರುತ್ತ ಎಲ್ಲರಿಗೂ ಭಜಿ ಕರಿಯುತ್ತಿದ್ದಳು. ಗಂಡ ತೀರಿಕೊಂಡಿದ್ದ. ತಟ್ಟೆ ಹೊರಗೆ ಕೊಡಲು ಕೂಡ ಪರದೆಯ ಸಂದಿಯಿಂದ ಕೈ ಮಾತ್ರ ಚಾಚುತ್ತಿದ್ದಳು. ಇಳಿದು ಬರುವಾಗ ಇವಳು ಮೆಟ್ಟಿಲಿನ ನಡುವೆ ನಿಂತುಬಿಟ್ಟಳು.

"ಯಕ್ಕಾ, ಆ ಕೈ ನೋಡಿದೇನು?"

"ನೋಡಿದೆ."

"ನಂದೂ ಹಂಗ ಆದ್ರ?"

"ನಾ ಕರೀತೀನಿ. ನಾಕು ಮಂದಿ ನಡುವ ಕುಂದರಿಸಿ ಹಚ್ಚತೀನಿ. ಹೊರಗ ಹೋಗಾಕಿ ಹೋಗಲಿ."

"ನಿಂದ ಮೊದಲ ಆದ್ರ?"

"ನೀ ಕರಿ. ಖರೇ ಹೇಳತೀನಿ, ನಮ್ಮನಿಯವರು ಬೀಡಿ ಸೇದೂದು ನೋಡಿದ್ರ ನಂದ ಮೊದಲ ಆಗೂದು."

ಅವಳು ನಕ್ಕಳು. ಆಣೆ-ಪ್ರಮಾಣ ಏನೂ ಇಲ್ಲ, ಮಾತು ಅಲ್ಲಿಗೆ ಮುಗಿಯಿತು. ಆದರೆ ನಮ್ಮಿಬ್ಬರಿಗೂ ಅದು ಕೊಟ್ಟ ಮಾತೇ ಆಗಿತ್ತು.

ಕೊನೆಗೆ ಮೊದಲು ಹೋದವನು ಅವಳ ಗಂಡ. ಬೀಡಿ ಮುಟ್ಟದವನು. ನಮ್ಮವರು ಇವತ್ತೂ ಗ್ಯಾಲರಿಯಲ್ಲಿ ನಿಂತು ಕೆಮ್ಮುತ್ತಾರೆ. ದಿನಕರ್ಮ ಮುಗಿಯುತ್ತಿದ್ದಂತೆ ಅವಳ ಮಗ ಅವಳನ್ನು ಮುಲುಂಡಿಗೆ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಎದುರಿನ ಖೋಲಿ ಬಾಡಿಗೆಗೆ ಹೋಯಿತು. ಒಂದು ಬಿಹಾರಿ ಕುಟುಂಬ ಬಂತು. ಒಳ್ಳೆಯ ಜನ. ಬಾಗಿಲು ಮುಚ್ಚಿಕೊಂಡಿರುತ್ತಾರೆ.

ಅವಳ ಗಂಡನ ವರ್ಷಾಂತಿಕ ಮುಗಿದ ಮೇಲೆ ಬಂದ ಮೊದಲ ಸಂಕ್ರಾಂತಿ, ಅಂದರೆ ಹೋದ ವರ್ಷದ್ದು. ಆಗಿನ ಮಾತು ಇದು.

ಮೊಮ್ಮಗಳು ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಅವಳಿಗೆ ಪ್ರಾಜೆಕ್ಟ್ ಎಂದು ಕೊಟ್ಟಿದ್ದರು. ಹೆಸರು ಸೇರಿಸುವುದು, ತೆಗೆಯುವುದು, ಎಲ್ಲವನ್ನೂ ಒಂದೇ ಸಲ ಖಾಲಿ ಮಾಡುವುದು, ಇಷ್ಟು ಬರುವಂಥ ಯಾವುದಾದರೂ ಒಂದು ಪ್ರೋಗ್ರಾಮ್ ಬರೆಯಬೇಕು. ಬೇರೆ ಹುಡುಗಿಯರು ಅಂಗಡಿಯ ಸಾಮಾನು, ಲೈಬ್ರರಿಯ ಪುಸ್ತಕ ಎಂದು ಮಾಡಿದರಂತೆ. ಇವಳು ನನ್ನ ಅರಿಶಿನ-ಕುಂಕುಮದ ಯಾದಿ ಮಾಡುತ್ತೇನೆ ಎಂದಳು.

"ಅಜ್ಜಿ, ನೀನು ಬೋಲ್ತೀ ಜಾ, ನಾನು ಟೈಪ್ ಮಾಡ್ತೀನಿ. ಫಿರ್ ನಿಂಗೆ ಯಾದ್ ಇಡೋದೇ ಬೇಡ."

"ನೆನಪ ಇಡೂದು ಬ್ಯಾಡಂದ್ರ ನಾ ಏನ ಮಾಡ್ಲಿ, ಹಪ್ಪಳ ಒಣಗಿಸ್ಲಿ?"

ಅಂದೆ, ಆದರೆ ಒಳಗೊಳಗೆ ಖುಷಿಯೇ ಆಯಿತು. ಕನ್ನಡ ಅರ್ಥವಾದರೂ ಬಾಯಿಗೆ ಬರದ ಹುಡುಗಿ. ಹಾಗಾದರೂ ನನ್ನ ಹತ್ತಿರ ಕೂಡುತ್ತಾಳಲ್ಲ. ಕಾಳು ಆರಿಸುವಾಗ, ಬಟ್ಟೆ ಮಡಚುವಾಗ ನೆನಪಾದಂತೆ ಹೆಸರು ಹೇಳುತ್ತ ಹೋದೆ. ಅವಳು ಸೇರಿಸುತ್ತ ಹೋದಳು. ಎಷ್ಟು ಹೆಸರು ಹಿಡಿಯುತ್ತದೆ ಎಂದು ಕೇಳಿದೆ. ಎಷ್ಟಾದರೂ ಹಿಡಿಯುತ್ತದಂತೆ. ಹಾಕಿದಷ್ಟೂ ಹಿಗ್ಗುವ ಚೀಲದ ಹಾಗೆ.

ಮೊಟ್ಟಮೊದಲು ಹಾಕಿಸಿದ ಹೆಸರು ಮುಲುಂಡಿನವಳದು. ಸೊಸೆ ಅಲ್ಲೇ ಕೊತ್ತಂಬರಿ ಬಿಡಿಸುತ್ತ ಕುಳಿತಿದ್ದಳು. ಕೈ ನಿಲ್ಲಿಸಿದಳು.

"ಅವರನ್ನ ಕರೀತೀರೇನ್ರಿ ಅತ್ತಿ?"

"ಹೂಂ."

"ಅಲ್ರಿ, ಬಂದವರು ಏನ ಅಂತಾರ?"

"ಬಂದವರು ಚುಡವಾ ತಿಂತಾರ, ಬಟ್ಟಲ ತಗೊಂತಾರ, ಹೋಗತಾರ."

ಉಳಿದ ಮಾತನ್ನು ಅವಳು ಮುಖದಲ್ಲಿ ಆಡಿದಳು.

ಕರೆಯಲು ಹೊರಡಬೇಕಾದ ದಿನ ಬೆಳಿಗ್ಗೆ ನಾನು ಕೊಬ್ಬರಿ ಹೆರೆಯುತ್ತಿದ್ದೆ. ಎಳ್ಳು ಹುರಿದು ಆರಲು ಹಾಕಿತ್ತು. ಒಳಗಿನಿಂದ ಹುಡುಗಿ "ಅರೇ, ಅರೇ" ಎಂದು ಕೂಗಿದಳು. ಹೋಗಿ ನೋಡಿದರೆ ಲ್ಯಾಪ್‌ಟಾಪ್ ಮುಂದೆ ಕಣ್ಣೀರು ಸುರಿಸುತ್ತಿದ್ದಾಳೆ. ಪರದೆಯ ಮೇಲೆ ಒಂದು ಸೊನ್ನೆ.

ಆದದ್ದು ಇಷ್ಟು, ಇದನ್ನು ಅವಳು ನನಗೆ ತಿಳಿಹೇಳಿದ್ದು ಆಮೇಲೆ. ಅವಳು ಎರಡು ಯಾದಿ ಮಾಡಿದ್ದೇನೆ ಎಂದುಕೊಂಡಿದ್ದಳು. ಒಂದು ಯಾವಾಗಲೂ ಇರುವುದು, ಎಲ್ಲರೂ ಇರುವುದು. ಇನ್ನೊಂದು ಈ ವರ್ಷದ್ದು. ಈ ವರ್ಷದ್ದನ್ನು ಹೇಗೆ ಮಾಡಿದಳೆಂದರೆ, ಅದು ಇದಕ್ಕೆ ಸಮ ಎಂದು ಬರೆದುಬಿಟ್ಟಳು. ಹಾಗೆ ಬರೆದರೆ ಹೊಸ ಚೀಲ ಹುಟ್ಟುವುದಿಲ್ಲವಂತೆ. ಇದ್ದ ಚೀಲಕ್ಕೇ ಇನ್ನೊಂದು ಹೆಸರು ಬೀಳುತ್ತದಂತೆ. ಹೊರಡುವ ಮುಂಚೆ ಈ ವರ್ಷದ್ದನ್ನು ತೊಳೆದು ಹೊಸದಾಗಿ ಶುರು ಮಾಡೋಣ ಎಂದು ಕ್ಲಿಯರ್ ಒತ್ತಿದಳು. ಅದು ಹೇಳಿದ ಕೆಲಸ ಚೊಕ್ಕ ಮಾಡಿತು. ಈ ವರ್ಷದ್ದೂ ಖಾಲಿ, ಯಾವಾಗಲೂ ಇರಬೇಕಾದದ್ದೂ ಖಾಲಿ. ಹಳೆಯದು ತಿರುಗಿ ಸಿಗದ ಹಾಗೆ ಆ ಖಾಲಿಯನ್ನೇ ಸೇವ್ ಮಾಡಿಯೂ ಇಟ್ಟಿತು.

"ಒಂದೇ ಚೀಜ್, ಎರಡು ನಾಮ್, ಅಜ್ಜಿ. ನಂಗೆ ದೋ ಅನಿಸ್ತು."

ಇದು ನನಗೆ ಸಲೀಸಾಗಿ ತಿಳಿಯಿತು. ಈ ಮನೆಯಲ್ಲಿ ನಾನು ಒಬ್ಬನಿಗೆ ಅವ್ವ, ಒಬ್ಬಳಿಗೆ ಅತ್ತೆ, ಒಬ್ಬಳಿಗೆ ಅಜ್ಜಿ. ಬಚ್ಚಲಿನಲ್ಲಿ ಅತ್ತೆ ಜಾರಿ ಬಿದ್ದರೆ ಅಜ್ಜಿ ನಿಂತುಕೊಂಡಿರುತ್ತಾಳೆಯೆ?

ಮತ್ತೂ ಒಂದು ಹೇಳಿದಳು. ಕ್ಲಿಯರ್ ಮಾಡಿದರೆ ಚೀಲ ಹೋಗುವುದಿಲ್ಲ, ಒಳಗಿದ್ದವರು ಮಾತ್ರ ಹೋಗುತ್ತಾರೆ. ಚೀಲ ಎಷ್ಟು ಹಿಗ್ಗಿತ್ತೋ ಅಷ್ಟೇ ಹಿಗ್ಗಿಕೊಂಡು ಇರುತ್ತದೆ. ಬೇರೆಯೇ ಹೊಸ ಚೀಲ ತಂದುಕೊಂಡಿದ್ದರೆ ಹಳೆಯದರಲ್ಲಿದ್ದವರು ಇದ್ದಲ್ಲೇ ಇರುತ್ತಿದ್ದರು. ಅಷ್ಟೇ ವ್ಯತ್ಯಾಸ. ಅದನ್ನು ಅವಳು ಪರೀಕ್ಷೆಗೆ ಓದಿಯೂ ಇದ್ದಳಂತೆ.

ಆದರೆ ಆ ಬೆಳಿಗ್ಗೆ ಇದೆಲ್ಲ ಕೇಳುವ ಹೊತ್ತಲ್ಲ. ಮರುದಿನ ಸಂಜೆಗೆ ಹೆಂಗಸರು ಬರಬೇಕು. "ಅಳಬ್ಯಾಡ. ಮುಖಾ ತೊಳಕೊಂಡು ಬಾ. ಮತ್ತ ಬರಕೋ, ನಾ ಹೇಳತೀನಿ" ಎಂದೆ. ಕೊಬ್ಬರಿ ಹೆರೆಯುತ್ತಲೇ ಮನಸ್ಸಿನಲ್ಲಿ ಕೆಳಗಿನಿಂದ ಮೆಟ್ಟಿಲು ಹತ್ತಲು ಶುರು ಮಾಡಿದೆ. ವಾಚ್‌ಮನ್ ಹೆಂಡತಿ. ಗಿರಣಿಯವನ ಮನೆ. ಮೊದಲ ಮಾಳಿಗೆಯ ಮಂಗಳೂರಿನವರು, ಅವರ ಪಕ್ಕದ ಗುಜರಾತಿ ಅತ್ತೆ-ಸೊಸೆ. ಎರಡನೇ ಮಾಳಿಗೆ. ನನ್ನ ಬಾಗಿಲು ಬಿಟ್ಟು, ಎದುರಿನ ಬಾಗಿಲು. ಅಲ್ಲಿ ಬಿಹಾರಿ ಹುಡುಗಿ, ಹಣೆಗೆ ಉದ್ದ ಸಿಂಧೂರ ಇಟ್ಟುಕೊಂಡು ನಿಂತಿದ್ದಳು. "ಎದುರಿನಾಕಿ" ಎಂದೆ. ಮೊಮ್ಮಗಳು ಬರೆದುಕೊಂಡಳು. ಮೂರನೆಯದಕ್ಕೆ ಹತ್ತಿದೆ.

ಆ ಬಾಗಿಲಿನಲ್ಲಿ ಯಾರೂ ಇರದಿದ್ದರೆ ನನಗೆ ನೆನಪಾಗುತ್ತಿತ್ತು. ಬೀಗ ಬಿದ್ದಿದ್ದರೆ ನಿಂತು ನೋಡುತ್ತಿದ್ದೆ. ಅಲ್ಲಿ ಒಬ್ಬಳು ನಿಂತಿದ್ದಳು, ಅವಳನ್ನು ಹೇಳಿದೆ, ಮುಂದೆ ಹೋದೆ.

ಬಿಲ್ಡಿಂಗ್ ಮುಗಿದ ಮೇಲೆ ಹೊರಗಿನವರು ಯಾರು ಎಂದು ಕೇಳಿದಳು. ಕೈಯೆಲ್ಲ ಕೊಬ್ಬರಿ, ಒಲೆಯ ಮೇಲೆ ಬೆಲ್ಲದ ಪಾಕ. ನಿಮ್ಮವ್ವನನ್ನು ಕೇಳು ಎಂದೆ. ಸೊಸೆ ತನ್ನ ಫೋನು ನೋಡಿ ಮಲಾಡಿನ ತಂಗಿ, ತಾನು ಟ್ಯೂಷನ್ ಹೇಳುವ ಮಕ್ಕಳ ತಾಯಂದಿರು, ಹೀಗೆ ಹೇಳಿದಳು. ಕೊನೆಗೆ ಯಾದಿ ಮೊದಲಿನಷ್ಟೇ ಉದ್ದ ಕಾಣಿಸಿತು. ಆ ಯಾದಿ ಹಿಡಿದು ಹುಡುಗಿ ನನ್ನ ಜೊತೆ ಮೆಟ್ಟಿಲು ಹತ್ತಿಳಿದಳು. ಕರೆದ ಮನೆಯ ಹೆಸರು ಒಂದೊಂದಾಗಿ ತೆಗೆಯುತ್ತ ಬಂದಳು. ದೂರದವರಿಗೆ ಫೋನು ಹಚ್ಚಿಕೊಟ್ಟಳು. ಸಂಜೆಗೆ ಯಾದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಎಲ್ಲರನ್ನೂ ಕರೆದಾಯಿತು ಎಂದು ನಾನು ಕಾಲು ಚಾಚಿ ಕುಳಿತೆ.

ಮರುದಿನ ಮನೆ ತುಂಬ ಹೆಂಗಸರು. ಯಾರೋ ಫೋಟೋ ತೆಗೆದರು, ಅಲ್ಲೇ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ನಾನು ಗುಜರಾತಿ ಅತ್ತೆಗೆ ಕುಂಕುಮ ಹಚ್ಚುತ್ತಿದ್ದೆ. ಅವಳೇ ನನ್ನ ಗೆಳತಿಯನ್ನು ಕೇಳಿದಳು, "ತುಮ್ಹಾರೀ ಸಹೇಲಿ ನಹೀ ಆಯೀ? ಮುಲುಂಡವಾಲಿ?" ನಾನು ಬಾಯಿ ತೆರೆಯುವ ಮುಂಚೆ ಮೂರನೇ ಮಾಳಿಗೆಯವಳು ದನಿ ತಗ್ಗಿಸಿ, "ಅವರು ಹ್ಯಾಂಗ ಬರತಾರ್ರಿ ಪಾಪ, ಅವರದು..." ಎಂದು ತನ್ನ ಹಣೆ ಮುಟ್ಟಿ ತೋರಿಸಿದಳು.

ನನ್ನ ಕೈಯಲ್ಲಿದ್ದ ಕುಂಕುಮ ಅರ್ಧ ಹಣೆಗೆ, ಅರ್ಧ ಮೂಗಿಗೆ ಬಿತ್ತು.

ಒಳಗೆ ಹೋಗಿ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಬಿಲ್ಡಿಂಗ್ ಬಿಟ್ಟು ಹೋದರೂ ಅವಳು ಗ್ರೂಪು ಬಿಟ್ಟಿರಲಿಲ್ಲ. ಗಣಪತಿಯ ಫೋಟೋ ಹಾಕಿದಾಗೆಲ್ಲ ಕೈಮುಗಿದ ಚಿತ್ರ ಕಳಿಸುತ್ತಿದ್ದಳು.

ಎಲ್ಲರೂ ಹೋದ ಮೇಲೆ ಸೊಸೆಯನ್ನು ಕೇಳಿದೆ.

"ನಿನಗೂ ನೆನಪಾಗ್ಲಿಲ್ಲ?"

"ಆತ್ರಿ. ನೀವು ಹೇಳ್ಲಿಲ್ಲಲ್ಲ, ಮನಸ್ಸ ಬದಲಾಸಿರಬೇಕು ಅನ್ಕೊಂಡೆ. ಚಲೋನ ಆತು ಅಂತ ಸುಮ್ಮನಾದೆ."

ಅವಳ ಮೇಲೆ ಕೂಗಬೇಕು ಎನಿಸಿತು. ಕೂಗಲಿಲ್ಲ. ನನ್ನ ಮನೆಯೊಳಗೆ ನನ್ನ ಒಲೆಯ ಮುಂದೆ ನಿಂತವಳೇ ಹಾಗೆ ತಿಳಿದುಕೊಂಡಳು. ಮುಲುಂಡಿನಲ್ಲಿ ಕೂತವಳು ಬೇರೆ ಏನು ತಿಳಿಯಬೇಕು?

ಭಾನುವಾರ ಹೋದೆ. ಮೊಮ್ಮಗಳು ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ದಾದರಿನಲ್ಲಿ ಇಳಿದು, ಮೇಲ್ಸೇತುವೆ ಹತ್ತಿ ಇಳಿದು, ಸೆಂಟ್ರಲ್ ಲೈನಿನ ಲೋಕಲ್ ಹಿಡಿದು ಮುಲುಂಡ್. ದಾರಿಯುದ್ದಕ್ಕೂ ಹುಡುಗಿ ಫೋನಿನಲ್ಲಿ ನೋಡಿ ನೋಡಿ ಕನ್ನಡ ವಾಕ್ಯ ಬಾಯಿಪಾಠ ಮಾಡುತ್ತಿದ್ದಳು. ನನ್ನ ಚೀಲದಲ್ಲಿ ಎಳ್ಳು-ಬೆಲ್ಲ, ಸ್ಟೀಲಿನ ಬಟ್ಟಲು, ಕುಂಕುಮದ ಭರಣಿ.

ಬಾಗಿಲು ತೆರೆದವಳು ಅವಳೇ. ಮಗ-ಸೊಸೆ ಹೊರಗೆ ಹೋಗಿದ್ದರು.

"ಬರ್ರಿ. ಕುಂದರ್ರಿ."

"ನನಗ ಯಾವಾಗಿಂದ ರೀ ಹಚ್ಚಾಕ ಹತ್ತಿ?"

"ದೊಡ್ಡವರಲ್ಲೇನ್ರಿ ನೀವು. ಚಾ ಕುಡೀತೀರಿ?"

ಕುಡಿಯದಿದ್ದರೆ ಅದೊಂದು ಬೇರೆ ಆಗುತ್ತದೆ ಎಂದು ಹೂಂ ಅಂದೆ. ಅವಳು ಅಡುಗೆಮನೆಗೆ ಹೋದಳು. ನಾವಿಬ್ಬರೂ ಹಿಂದೆಯೇ ಹೋಗಿ ಬಾಗಿಲಿನಲ್ಲಿ ನಿಂತೆವು. ಹುಡುಗಿ ಬಾಯಿಪಾಠ ಮಾಡಿದ್ದೆಲ್ಲ ಮರೆತಳು.

"ಅಜ್ಜಿ ಗಲತಿ ಇಲ್ಲ, ಕಾಕು. ನನ್ನ ಮಿಸ್ಟೇಕ್. ಲಿಸ್ಟ್ ಕ್ಲಿಯರ್ ಆಯ್ತು. ಎಲ್ಲರ ನೇಮ್ ಹೋಯ್ತು. ಸಬ್ ಕಾ. ನಿಮ್ಮದು ಫಸ್ಟ್ ಇತ್ತು, ಸಚ್ಚಿ."

"ಎಲ್ಲಾರದೂ ಹೋತು?"

"ಹಾಂ ಕಾಕು, ಎಲ್ಲಾ."

"ಮತ್ತ ಫೋಟೋದಾಗ ಎಲ್ಲಾರೂ ಇದ್ರಲ್ಲವ್ವಾ."

ಹುಡುಗಿ ನನ್ನ ಮುಖ ನೋಡಿದಳು. ಮುಲುಂಡಿನವಳು ಶುಂಠಿ ಜಜ್ಜುತ್ತ, ನಮ್ಮ ಕಡೆ ತಿರುಗದೆ ಹೇಳಿದಳು.

"ಮಷಿನ್ ಎಲ್ಲಾರನ್ನೂ ತಗದ ಹಾಕೇತಿ. ಅದಕ್ಕ ಮುತ್ತೈದಿ ಯಾರು, ಗಂಡ ಸತ್ತಾಕಿ ಯಾರು ಗೊತ್ತಿಲ್ಲ. ಅದು ಚಲೋ ಐತಿ, ಪಾಪ. ತಿರುಗಿ ತುಂಬಿದವರು ಯಾರು?"

"ನಾನ" ಎಂದೆ.

ಮೆಟ್ಟಿಲಿನ ಮಾತು ಹೇಳಿದೆ. ಎದುರಿನ ಬಾಗಿಲಿನಲ್ಲಿ ಬೇರೆಯವಳು ನಿಂತಿದ್ದಳು, ಅದಕ್ಕೆ ತಪ್ಪಿತು ಎಂದೆ. ಹೇಳುವಾಗಲೇ ನನ್ನ ಕಿವಿಗೆ ಅದು ಸುಳ್ಳಿನ ಹಾಗೆ ಕೇಳಿಸಿತು. ನಿಜ ಹೇಳುವಾಗ ಇಷ್ಟು ಉದ್ದ ಹೇಳಬೇಕಾಗುವುದಿಲ್ಲ.

ಅವಳು ಚಹಾ ಸೋಸಿದಳು. ಆಗ ರೀ ಬಿಟ್ಟಳು.

"ನಾ ಬಾಳ ದೊಡ್ಡ ಮಾತ ಆಡಿದ್ದೆ, ಯಕ್ಕಾ. ಇಲ್ಲಿ ಕೆಳಗ ಗಾರ್ಡನ್ನಿನಾಗ ಹೆಣಮಕ್ಕಳು ಕೂಡತಾರ. ನಮ್ಮಕ್ಕ ಅದನ್ನೆಲ್ಲ ನೋಡಾಕಿ ಅಲ್ಲ, ನನ್ನ ಕರೀತಾಳ ಅಂದಿದ್ದೆ. ಸೊಸಿಗೆ ಹೇಳಿ ಇಳಕಲ್ ಸೀರಿ ಇಸ್ತ್ರಿಗೆ ಕೊಡಿಸಿದ್ದೆ. ಎರಡ ದಿನ ಫೋನ ಕೈಯಾಗ ಹಿಡಕೊಂಡ ಕುಂತೆ. ಫೋನ ಬರಲಿಲ್ಲ, ಫೋಟೋ ಬಂತು."

"ನೀನ ಯಾಕ ಫೋನ ಮಾಡ್ಲಿಲ್ಲ? ಬೈಬೇಕಾಗಿತ್ತು."

"ಕರೀರಿ ಅಂತ ಕೇಳಿ ಕರಿಸಿಗೋಬೇಕೇನ?"

ನಾನು ಚೀಲದಿಂದ ಭರಣಿ ತೆಗೆದೆ. ಮುಚ್ಚಳ ಬಿಚ್ಚಿ ಬೆರಳು ಅದ್ದಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿದ ಕೈ, ಇನ್ನೂ ಗಟ್ಟಿ.

"ಬ್ಯಾಡ. ನಾಕು ಮಂದಿ ನಡುವ ಹಚ್ಚತೀನಿ ಅಂದಿದ್ದಿ. ಇಲ್ಲಿ ಅಡಗಿಮನ್ಯಾಗ ಬಾಗಲಾ ಮರಿ ಮಾಡಿ ಹಚ್ಚಿದ್ರ ಅದೇನ ಹಚ್ಚಿದಂಗ?"

ನಾನು ಬೆರಳು ಸೆರಗಿಗೆ ಒರೆಸಿಕೊಂಡೆ. ಚಹಾ ಕುಡಿದೆವು. ಎಳ್ಳು-ಬೆಲ್ಲ ತೆಗೆದುಕೊಂಡಳು. ಬಟ್ಟಲು ಬೇಡ ಎಂದಳು, ಮನೆಯಲ್ಲಿ ಬಹಳ ಇವೆಯಂತೆ. ಹುಡುಗಿಯ ಗಲ್ಲ ಹಿಂಡಿ ಚೆನ್ನಾಗಿ ಓದು ಎಂದಳು. ಲಿಫ್ಟಿನವರೆಗೆ ಬಂದು ಯಾವ ಗುಂಡಿ ಒತ್ತಬೇಕೆಂದು ತೋರಿಸಿದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಜಗಳ ಮಾಡುವುದು ಅವಳಿಗೆ ಬರುತ್ತಿತ್ತು.

ವಾಪಸು ಬರುವಾಗ ಲೋಕಲಿನಲ್ಲಿ ಹುಡುಗಿ ಹೇಳಿದಳು, ಅವಳು ಈಗ ಅದನ್ನು ಸರಿ ಮಾಡಿದ್ದಾಳಂತೆ. ಎರಡು ನಿಜವಾಗಿಯೂ ಬೇರೆ ಬೇರೆ. ಒಂದನ್ನು ಖಾಲಿ ಮಾಡಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಒಂದೇ ಸಾಲಿನ ಕೆಲಸವಂತೆ. ಆಮೇಲೆ ಕಾಲೇಜಿನಲ್ಲಿ ಒಳ್ಳೆಯ ಮಾರ್ಕ್ಸೂ ಸಿಕ್ಕವು. ಒಳ್ಳೆಯದೇ ಆಯಿತು, ಅವಳನ್ನು ನಾನು ಬೈಯಲಿಲ್ಲ. ಕಲಿಯುವವಳು ಎಲ್ಲಾದರೂ ಒಂದು ಕಡೆ ಕಲಿಯಬೇಕು. ಅವಳು ಕಲಿತದ್ದು ನನ್ನ ಮನೆಯಲ್ಲಿ ಆಯಿತು ಎನ್ನುವುದಷ್ಟೇ.

ಈ ಸಂಕ್ರಾಂತಿಗೆ ಮೊಮ್ಮಗಳು ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ ನಾನು ಮುಲುಂಡಿಗೆ ಫೋನು ಮಾಡಿದೆ. ಎಲ್ಲರಿಗಿಂತ ಮೊದಲು. ಅವಳು ಎತ್ತಿದಳು. ಆರೋಗ್ಯ ಕೇಳಿದಳು, ನಮ್ಮವರ ಕೆಮ್ಮು ಕೇಳಿದಳು. ಅರಿಶಿನ-ಕುಂಕುಮಕ್ಕೆ ಬಾ, ಕರೆತರಲು ಹುಡುಗಿಯನ್ನು ಟ್ಯಾಕ್ಸಿಯಲ್ಲಿ ಕಳಿಸುತ್ತೇನೆ, ನಡುಮನೆಯಲ್ಲಿ ಕುಂದರಿಸುತ್ತೇನೆ ಎಂದೆ.

"ಮೊಣಕಾಲು ಬಾಳ ಹಿಡದಾವ್ರಿ. ನಿಮ್ಮ ಮೆಟ್ಟಲಾ ಹತ್ತೂದು ಆಗಂಗಿಲ್ಲ. ಸೊಸಿನ್ನ ಕಳಸತೀನಿ."

ಅವಳ ಸೊಸೆ ಬಂದಳು. ಒಳ್ಳೆಯ ಹುಡುಗಿ, ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಅಷ್ಟು ದೂರದಿಂದ ಬಂದಿದ್ದಳು. ಹಣೆಗೆ ಕುಂಕುಮ ಹಚ್ಚುತ್ತ, ನಿಮ್ಮ ಅತ್ತೆಯ ಮೊಣಕಾಲು ಹೇಗಿದೆ ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ.

"ಮೊಣಕಾಲಾ? ಅವರಿಗೇನೂ ಆಗಿಲ್ಲ ಆಂಟಿ. ದಿನಾ ಸಂಜೆ ಗಾರ್ಡನ್ನಿಗೆ ವಾಕಿಂಗ್ ಹೋಗತಾರ. ಈಗೂ ಅಲ್ಲೇ ಇರಬೇಕು. ಫೋನ್ ಹಚ್ಚಿ ಕೊಡ್ಲೇನ್ರಿ?"

ಬೇಡ ಎಂದೆ. ಬಟ್ಟಲು ಕೈಗಿಟ್ಟೆ, ಎಳ್ಳು-ಬೆಲ್ಲ ಕೊಟ್ಟೆ, ತಿಂದು ಹೋಗು ಎಂದು ಚುಡವಾದ ತಟ್ಟೆ ಮುಂದೆ ಸರಿಸಿದೆ. ಹಿಂದೆ ಮತ್ತಿಬ್ಬರು ನಿಂತಿದ್ದರು. ಅವರಿಗೂ ಹಚ್ಚಿದೆ.